ಬಾಡಿಗೆ ಕುದುರೆಯೂ ಬೂಸಾ ಚೀಲವೂ

"ಸಾರ್, ಈ ಲೇಖಕ ಯಾರ ಕಂಪ್ಯೂಟರಿಗೆ ಕನ್ನ ಹಾಕಿದ?"

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಇಂಗ್ಲಿಷ್ ಪತ್ರಿಕೆಯ ಹಾಳೆ ಹಿಡಿದು ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದಳು. ಪುಸ್ತಕ ವಿಮರ್ಶೆಯೊಂದರಲ್ಲಿ ಯಾರೋ ಕಾದಂಬರಿಕಾರನನ್ನು ವಿಮರ್ಶಕರು 'ಹ್ಯಾಕ್' ಎಂದು ಕರೆದಿದ್ದರು. ಹ್ಯಾಕ್ ಎಂದರೆ ಬ್ಯಾಂಕಿನ ಖಾತೆಗೆ ಕಳ್ಳದಾರಿಯಲ್ಲಿ ನುಗ್ಗುವುದು ಎಂದಷ್ಟೇ ಅವಳಿಗೆ ಗೊತ್ತು. ಇಂಗ್ಲಿಷ್ ಮೇಷ್ಟರು ಅಂದು ರಜೆಯಲ್ಲಿದ್ದರು. ವಿಜ್ಞಾನದ ಮೇಷ್ಟರಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ತಪ್ಪು ತಿಳಿವಳಿಕೆ ಗುಬ್ಬಿ ಸೀಮೆಯ ಶಾಲೆಗಳಲ್ಲಿ ಇನ್ನೂ ಉಳಿದುಕೊಂಡಿದೆ. ಅದನ್ನು ತಿದ್ದಲು ನಾನೂ ಹೋಗಿಲ್ಲ.

"ನಿಮ್ಮಜ್ಜಿಯ ಊರು ಯಾವುದಮ್ಮ?" ಎಂದು ಕೇಳಿದೆ.

"ಕುಣಿಗಲ್, ಸಾರ್."

"ಹಾಗಾದರೆ ಉತ್ತರ ಅಲ್ಲೇ ಇದೆ. ಆ ಊರು ಯಾವ ಪ್ರಾಣಿಗೆ ಹೆಸರುವಾಸಿ?"

ಕುಣಿಗಲ್ ಎಂದರೆ ಮೊದಲು ನೆನಪಾಗುವುದು ಜನಪದ ಹಾಡಿನಲ್ಲಿ ಬರುವ ಕೆರೆ. ಎರಡನೆಯದು ಕುದುರೆ ಫಾರಂ. ಟಿಪ್ಪು ಸುಲ್ತಾನನ ಕಾಲದಲ್ಲಿ ಅಶ್ವದಳಕ್ಕೆಂದು ಶುರುವಾಯಿತೆಂದು ಹೇಳುವ ಈ ಫಾರಂ ಮುಂದೆ ಪಂದ್ಯದ ಕುದುರೆಗಳ ತಳಿ ಬೆಳೆಸುವುದಕ್ಕೆ ಪ್ರಸಿದ್ಧವಾಯಿತು. 1992ರಲ್ಲಿ ಅದನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟದ್ದು ನಮ್ಮ ಕಡೆಯ ಹಿರಿಯರಿಗೆಲ್ಲ ನೆನಪಿದೆ. ಚಿಕ್ಕಂದಿನಲ್ಲಿ ಬಸ್ಸಿನ ಕಿಟಕಿಯಿಂದ ಆ ಬೇಲಿಯ ಕಡೆ ಕತ್ತು ಚಾಚಿ ನೋಡಿದವನು ನಾನು. ಮೈ ಮಿರಮಿರ ಮಿಂಚುವ ಆ ಕುದುರೆಗಳಿಗೂ, ತುಮಕೂರಿನ ರೈಲ್ವೆ ಸ್ಟೇಷನ್ನಿನ ಮುಂದೆ ತಲೆ ತಗ್ಗಿಸಿಕೊಂಡು ಮೂಟೆಯ ಹುರುಳಿಗೆ ಕಾಯುತ್ತಿದ್ದ ಜಟಕಾ ಕುದುರೆಗಳಿಗೂ ಒಂದೇ ಹೆಸರು ಹೇಗೆ ಎಂದು ಅಪ್ಪನನ್ನು ಕೇಳಿದ್ದೆ. "ಅದು ಸ್ವಂತದ್ದು, ಇದು ಬಾಡಿಗೇದು" ಎಂದಿದ್ದರು ಅವರು.

ಅಪ್ಪ ಇಂಗ್ಲಿಷ್ ಓದಿದವರಲ್ಲ. ಆದರೆ ಆ ಒಂದು ಮಾತಿನಲ್ಲಿ 'ಹ್ಯಾಕ್' ಪದದ ಅರ್ಧ ಚರಿತ್ರೆಯನ್ನು ಹೇಳಿಬಿಟ್ಟಿದ್ದರು.

ಲಂಡನ್ನಿನ ಪೂರ್ವ ಭಾಗದಲ್ಲಿ ಹ್ಯಾಕ್ನಿ ಎಂಬ ಜಾಗವಿದೆ. ಈಗ ಅದು ನಗರದೊಳಗೆ ಸೇರಿಹೋಗಿದೆ, ಹಿಂದೆ ಹುಲ್ಲುಗಾವಲಿನ ಹಳ್ಳಿ. ಅಲ್ಲಿ ಮೇಯುತ್ತಿದ್ದ ಕುದುರೆಗಳಿಂದಲೇ 'ಹ್ಯಾಕ್ನಿ' ಎಂದರೆ ಸವಾರಿ ಕುದುರೆ ಎಂಬ ಅರ್ಥ ಬಂದಿರಬೇಕೆಂದು ಪದಶಾಸ್ತ್ರಜ್ಞರ ಎಣಿಕೆ. 14ನೇ ಶತಮಾನದ ಹೊತ್ತಿಗೆ ಆ ಪದ ಇಂಗ್ಲಿಷಿನಲ್ಲಿ ಬಳಕೆಯಲ್ಲಿತ್ತು. ಇದು ಯುದ್ಧದ ಕುದುರೆಯಲ್ಲ, ಉಳುವ ಕುದುರೆಯೂ ಅಲ್ಲ. ಒಂದು ಪಕ್ಕದ ಮುಂಗಾಲು ಹಿಂಗಾಲುಗಳನ್ನು ಹೆಚ್ಚುಕಡಿಮೆ ಒಟ್ಟಿಗೇ ಎತ್ತಿ ಇಡುತ್ತ ಕುಲುಕದೆ ನಡೆಯುವ ಸಾಧು ಪ್ರಾಣಿ. ಕೂತವನ ಸೊಂಟ ನೋಯುವುದಿಲ್ಲ. ಹಾಗಾಗಿ ಪ್ರಯಾಣಿಕರಿಗೆ ಬಾಡಿಗೆ ಕೊಡಲು ಹೇಳಿ ಮಾಡಿಸಿದ್ದು. ಕ್ರಮೇಣ ಹ್ಯಾಕ್ನಿ ಎಂದರೆ ಬಾಡಿಗೆ ಕುದುರೆ ಎಂದೇ ಆಯಿತು. ಬಾಡಿಗೆ ಸಾರೋಟು 'ಹ್ಯಾಕ್ನಿ ಕ್ಯಾರೇಜ್' ಆಯಿತು. ಕುದುರೆ ಹೋಗಿ ಮೋಟಾರು ಬಂದರೂ ಲಂಡನ್ನಿನ ಕಪ್ಪು ಟ್ಯಾಕ್ಸಿಗೆ ಕಾನೂನಿನ ಪುಸ್ತಕದಲ್ಲಿ ಇವತ್ತಿಗೂ ಅದೇ ಹೆಸರು.

ಬಾಡಿಗೆ ಕುದುರೆಯ ಪಾಡು ಏನೆಂದು ಹೇಳಬೇಕಾಗಿಲ್ಲ. ಇವತ್ತು ಒಬ್ಬ ಹತ್ತುತ್ತಾನೆ, ನಾಳೆ ಇನ್ನೊಬ್ಬ. ಅವನು ಹೇಳಿದ ಕಡೆ ಹೋಗಬೇಕು. ದಣಿದರೂ ಹೋಗಬೇಕು. 18ನೇ ಶತಮಾನ ಕಾಲಿಡುವ ಹೊತ್ತಿಗೆ ಲಂಡನ್ನಿನ ಪುಸ್ತಕ ವ್ಯಾಪಾರಿಗಳು ಪುಟಕ್ಕಿಷ್ಟು ಎಂದು ಕಾಸು ಎಣಿಸಿ ಬರೆಸಿಕೊಳ್ಳತೊಡಗಿದ್ದರು. ಹಾಗೆ ಯಾರು ಹೇಳಿದರೂ ಏನು ಹೇಳಿದರೂ ಬರೆದುಕೊಡುವ ಬಡಪಾಯಿಗೆ ಜನ ಕುದುರೆಯ ಹೆಸರನ್ನೇ ಇಟ್ಟರು. ಹ್ಯಾಕ್ನಿ ಮೊಟಕಾಗಿ ಹ್ಯಾಕ್ ಆಯಿತು. ಎಲ್ಲರೂ ಹತ್ತಿ ಹತ್ತಿ ಸೊರಗಿದ ಮಾತು 'ಹ್ಯಾಕ್ನೀಡ್' ಆಯಿತು. ಇದಕ್ಕೆ ಕನ್ನಡದಲ್ಲಿ ನಾವು 'ಸವಕಲು' ಎನ್ನುತ್ತೇವೆ. ಅವರಿಗೆ ದಣಿದ ಕುದುರೆ ಹೊಳೆಯಿತು, ನಮಗೆ ಕೈಯಿಂದ ಕೈಗೆ ಸಾಗಿ ಸವೆದ ನಾಣ್ಯ.

ಕಡಿಯುವುದು, ಕೊಚ್ಚುವುದು ಎಂಬರ್ಥದ ಇನ್ನೊಂದು ಹ್ಯಾಕ್ ಹಳೆಯ ಇಂಗ್ಲಿಷಿನಲ್ಲೇ ಇತ್ತು. ಅದಕ್ಕೂ ಕುದುರೆಗೂ ನಂಟಿಲ್ಲ. ಕನ್ನಡದಲ್ಲಿ 'ಕರಿ' ಎಂದರೆ ಕಪ್ಪು, ವಡೆ ಕರಿಯುವುದೂ ಹೌದು, ಸಂಸ್ಕೃತದಿಂದ ಬಂದ ಆನೆಯೂ ಹೌದು. ಕಾಗುಣಿತ ಒಂದೇ ಆದ ಮಾತ್ರಕ್ಕೆ ಆನೆಯನ್ನು ಎಣ್ಣೆಗೆ ಬಿಡಲಾದೀತೆ? ಕಂಪ್ಯೂಟರಿನವರ ಹ್ಯಾಕ್, 1950ರ ದಶಕದ ಕೊನೆಯಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ವಿದ್ಯಾರ್ಥಿಗಳ ಆಡುಮಾತಿನಿಂದ ಬೆಳೆದದ್ದು. ಆಗ ಅದಕ್ಕೆ ಕೈಚಳಕದ ಕೆಲಸ ಎಂಬ ಅರ್ಥವಿತ್ತು, ಕಳ್ಳತನದ ವಾಸನೆ ಆಮೇಲೆ ಅಂಟಿಕೊಂಡಿತು.

ಬಾಡಿಗೆ ಬರಹಗಾರರು ಗುಂಪಾಗಿ ವಾಸಿಸುತ್ತಿದ್ದ ಬೀದಿಯೊಂದು ಲಂಡನ್ನಿನಲ್ಲಿತ್ತು. ಗ್ರಬ್ ಸ್ಟ್ರೀಟ್ ಎಂದು ಅದರ ಹೆಸರು. 1755ರಲ್ಲಿ ಸ್ಯಾಮ್ಯುಯಲ್ ಜಾನ್ಸನ್ ತನ್ನ ಪ್ರಖ್ಯಾತ ನಿಘಂಟನ್ನು ಹೊರತಂದಾಗ ಈ ಬೀದಿಯ ಹೆಸರನ್ನೂ ಪದವಾಗಿ ಸೇರಿಸಿದ. ಚಿಲ್ಲರೆ ಚರಿತ್ರೆ, ನಿಘಂಟು, ಎರಡು ದಿನ ಬಾಳುವ ಪದ್ಯ ಬರೆಯುವವರು ಇರುವ ಬೀದಿ. ಅದರಿಂದಾಗಿ ಕೀಳು ಬರಹಕ್ಕೆಲ್ಲ ಇದೇ ಹೆಸರು ಎಂಬ ಅರ್ಥದಲ್ಲಿ ವಿವರಿಸಿದ. ಆ ಪಟ್ಟಿಯಲ್ಲಿ 'ನಿಘಂಟು' ಇರುವುದನ್ನು ಗಮನಿಸಿ. ತನ್ನ ಬೆನ್ನಿಗೆ ತಾನೇ ಬಾರಿಸಿಕೊಂಡ ಏಟು ಅದು. ಜಾನ್ಸನ್ ಆ ಮಹಾಗ್ರಂಥವನ್ನು ಬರೆದದ್ದೂ ಪುಸ್ತಕ ವ್ಯಾಪಾರಿಗಳ ಕರಾರಿನ ಮೇಲೆ, ಹಣಕ್ಕಾಗಿ. 1759ರಲ್ಲಿ ತಾಯಿ ತೀರಿಕೊಂಡಾಗ ಉತ್ತರಕ್ರಿಯೆಯ ಖರ್ಚಿಗೆಂದು ಒಂದೇ ವಾರದ ಸಂಜೆಗಳಲ್ಲಿ 'ರ‍್ಯಾಸಲಸ್' ಕಥೆಯನ್ನು ಬರೆದು ಮುಗಿಸಿದ. ಅದನ್ನು ಜನ ಇಂದಿಗೂ ಓದುತ್ತಾರೆ. ಗ್ರಬ್ ಸ್ಟ್ರೀಟಿಗೆ 1830ರಲ್ಲಿ ಮಿಲ್ಟನ್ ಸ್ಟ್ರೀಟ್ ಎಂದು ಮರುನಾಮಕರಣವಾಯಿತು. ಬೀದಿಯ ಬೋರ್ಡು ಬದಲಾಯಿತು, ಬೈಗುಳ ಉಳಿಯಿತು.

ಅದೇ ಕಾಲದ ಆಲಿವರ್ ಗೋಲ್ಡ್‌ಸ್ಮಿತ್ ನಮ್ಮ ತಾತಂದಿರಿಗೆ ಕಾಲೇಜಿನ ಪಠ್ಯದಿಂದ ಪರಿಚಿತ. ಆತನೂ ಪ್ರಕಾಶಕರ ಒತ್ತಾಯಕ್ಕೆ ರೋಮಿನ ಚರಿತ್ರೆ, ಇಂಗ್ಲೆಂಡಿನ ಚರಿತ್ರೆ ಎಲ್ಲವನ್ನೂ ಬರೆದು, ಕೊನೆಗೆ ಎಂಟು ಸಂಪುಟಗಳ ಪ್ರಾಣಿಶಾಸ್ತ್ರವನ್ನೂ ಬರೆದ. ಅವನು ಸತ್ತ 1774ರಲ್ಲೇ ಅದು ಪ್ರಕಟವಾಯಿತು. ಹಸುವಿಗೂ ಕುದುರೆಗೂ ವ್ಯತ್ಯಾಸ ಗೊತ್ತಾದರೆ ಈತನ ಪ್ರಾಣಿಶಾಸ್ತ್ರ ಅಲ್ಲಿಗೆ ಮುಗಿಯಿತು ಎಂದು ಗೆಳೆಯ ಜಾನ್ಸನ್ನನೇ ನಗೆಯಾಡಿದ್ದನಂತೆ. ಗದ್ಯ ಮಾತ್ರ ಹಾಲಿನಂತಿತ್ತು. ಚೆನ್ನಾಗಿ ಬರೆಯಬಲ್ಲವನು ತನಗೆ ತಿಳಿಯದ್ದನ್ನೂ ಚೆನ್ನಾಗಿಯೇ ಬರೆಯುತ್ತಾನೆ. ಓದುವವನಿಗೆ ಅನುಮಾನವೇ ಬರುವುದಿಲ್ಲ.

ಅದಿರಲಿ, ನಮ್ಮ ಮನೆಗೆ ಬರೋಣ. ಇಂಥ ಬರಹಕ್ಕೆ ಕನ್ನಡದಲ್ಲಿ ಏನೆನ್ನುತ್ತೇವೆ? ಕಾಡುಹರಟೆ, ಬುರುಡೆ, ಕಾಗಕ್ಕ-ಗುಬ್ಬಕ್ಕನ ಕತೆ (ಗುಬ್ಬಿ ಊರಿನವರು ಕ್ಷಮಿಸಬೇಕು) ಎಂದೆಲ್ಲ ಹೇಳುವುದುಂಟು. ಆದರೆ ಇಡೀ ರಾಜ್ಯವನ್ನೇ ಅಲುಗಾಡಿಸಿದ ಪದ ಒಂದೇ: ಬೂಸಾ.

1973ರ ನವೆಂಬರಿನಲ್ಲಿ ಮೈಸೂರಿನ ವಿಚಾರ ಸಂಕಿರಣವೊಂದರಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟಿದ್ದ ದಲಿತ ನಾಯಕರು ಅವರು. ದಲಿತ ಮಕ್ಕಳು ಇಂಗ್ಲಿಷ್ ಕಲಿಯಬೇಕು ಎಂಬುದು ಅವರ ಕಾಳಜಿ. ಮಾತು ಪತ್ರಿಕೆಗಳಲ್ಲಿ ಬಂದದ್ದೇ ತಡ ಊರೂರುಗಳಲ್ಲಿ ಮೆರವಣಿಗೆ, ಘೋಷಣೆ, ಹೊಡೆದಾಟ. ದಲಿತ ವಿದ್ಯಾರ್ಥಿಗಳು ಏಟು ತಿಂದರು. ಸಚಿವರು ಸ್ಥಾನ ಬಿಡಬೇಕಾಯಿತು. ಆದರೆ ಆ ಒಂದು ಪದ ಎಬ್ಬಿಸಿದ ಬಿರುಗಾಳಿಯಿಂದಲೇ ದಲಿತ ಚಳವಳಿ ಕಸುವು ಪಡೆಯಿತು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಬೂಸಾ ಎಂದು ಬೈಸಿಕೊಂಡ ಭಾಷೆಯಲ್ಲೇ, ಯಾರ ಪರವಾಗಿ ಆ ಮಾತು ಬಂದಿತ್ತೋ ಅವರ ಮಕ್ಕಳು ಬರೆಯತೊಡಗಿದರು. ನಾನಾಗ ನಾಲ್ಕು ವರ್ಷದ ಹುಡುಗ. 'ಬೂಸಾ' ಎಂದರೆ ನಮ್ಮ ಮನೆಯ ಎಮ್ಮೆಗೆ ನೀರಿನಲ್ಲಿ ಕಲಸಿ ಇಡುತ್ತಿದ್ದ ತಿಂಡಿ ಎಂದಷ್ಟೇ ಗೊತ್ತಿತ್ತು.

ಪದದ ಮೂಲ ಸಂಸ್ಕೃತದ 'ಬುಸ', ಅಂದರೆ ಹೊಟ್ಟು. ಹಿಂದಿಯಲ್ಲಿ ಭೂಸಾ, ಕನ್ನಡದ ಅಂಗಡಿಯಲ್ಲಿ ಬೂಸಾ. ವಿಜ್ಞಾನದ ಮೇಷ್ಟರಾಗಿ ಇಲ್ಲಿ ನನ್ನದೊಂದು ತಕರಾರಿದೆ. ಗೋಧಿ ಬೀಸಿದಾಗ ಉಳಿಯುವ ಹೊರಪದರವೇ ಬೂಸಾ. ಅದರಲ್ಲಿ ನಾರಿನಂಶವಿದೆ, ರಂಜಕವಿದೆ, 'ಬಿ' ಗುಂಪಿನ ಜೀವಸತ್ವಗಳಿವೆ. ಅದನ್ನು ತಿಂದು ಎಮ್ಮೆ ಹಾಲು ಕೊಡುತ್ತದೆ, ಆ ಹಾಲು ಕುಡಿದು ನಾವು ಬೂಸಾವನ್ನು ಬೈಯುತ್ತೇವೆ! ಬಾಡಿಗೆ ಬರಹಕ್ಕೆ ನಿಜವಾಗಿ ಹೊಂದುವ ಪದ 'ಜೊಳ್ಳು'. ಹೊರಗೆ ಸಿಪ್ಪೆ ಪೂರ್ತಿ ಇದೆ, ಆಕಾರ ಥೇಟ್ ಕಾಳಿನದೇ, ಒಳಗೆ ಹಾಲು ತುಂಬಲಿಲ್ಲ. ಬೂಸಾ ಒಂದು ಕಾಲದಲ್ಲಿ ಕಾಳಿನ ಜೊತೆಗಿತ್ತು. ಜೊಳ್ಳಿನೊಳಗೆ ಕಾಳು ಎಂದೂ ಇರಲಿಲ್ಲ.

ಜೊಳ್ಳನ್ನು ಕಂಡುಹಿಡಿಯುವುದು ನಮ್ಮ ರೈತರಿಗೆ ಗೊತ್ತು. ಬಕೆಟ್ಟಿನ ನೀರಿಗೆ ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿ ಬಿತ್ತನೆಯ ಭತ್ತವನ್ನು ಸುರಿಯುತ್ತಾರೆ. ಉಪ್ಪು ನೀರಿನ ಸಾಂದ್ರತೆ ಹೆಚ್ಚು. ಅರೆಬರೆ ತುಂಬಿದ ಕಾಳೂ ಮೇಲೆ ತೇಲಿಬಿಡುತ್ತದೆ, ಗಟ್ಟಿ ಕಾಳು ತಳ ಸೇರುತ್ತದೆ. ಬರಿ ನೀರಿನಲ್ಲಿ ಮುಳುಗಿ ಮೋಸ ಮಾಡುವ ಕಾಳು ಉಪ್ಪು ನೀರಿನಲ್ಲಿ ಸಿಕ್ಕಿಬೀಳುತ್ತದೆ.

ಹಾಗಾದರೆ ಹಣಕ್ಕೆ ಬರೆದದ್ದೆಲ್ಲ ಜೊಳ್ಳೇ? ಈ ಪ್ರಶ್ನೆಗೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಕರ್ನಾಟಕದ ಎಲ್ಲೆ ದಾಟಿ ಹೆಸರು ಮಾಡಿತು. ಕಂಪನಿಗೆ ನಾಟಕ ಬರೆದುಕೊಡುವ ಕವಿಗೆ ಸ್ವಾತಂತ್ರ್ಯವೆಷ್ಟು? ಇಂಥ ನಟನ ಕಂಠಕ್ಕೆ ಇಂಥ ಹಾಡು ಬೇಕು. ಸೀನು ಬದಲಾಯಿಸುವಷ್ಟು ಹೊತ್ತು ಪರದೆಯ ಮುಂದೆ ಹಾಸ್ಯ ಬೇಕು. ಮುಂದಿನ ಕ್ಯಾಂಪಿಗೆ ಹೊಸ ನಾಟಕ ಸಿದ್ಧವಾಗಬೇಕು. ಲಂಡನ್ನಿನ ಲೆಕ್ಕದಲ್ಲಿ ಇದು ಅಪ್ಪಟ ಬಾಡಿಗೆ ಕುದುರೆಯ ಕೆಲಸವೇ.

ಆದರೆ ಆ ಕೆಲಸ ಮಾಡಿದವರು ಯಾರು? ತುಮಕೂರು ತಾಲೂಕಿನ ಬೆಳ್ಳಾವಿಯ ನರಹರಿ ಶಾಸ್ತ್ರಿಗಳು. ಅವರ 'ಕೃಷ್ಣ ಗಾರುಡಿ' ಇಂದಿಗೂ ಹಳ್ಳಿಯ ರಂಗಭೂಮಿಗೆ ಹಳತಾಗಿಲ್ಲ. 1934ರ ಮಾರ್ಚಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ಕ್ಕೆ ಮಾತು, ಹಾಡು ಬರೆದವರೂ ಅವರೇ. ಅದೇ ವರ್ಷ ಗುಬ್ಬಿ ಕಂಪನಿ ಆನೆ ಕುದುರೆಗಳನ್ನು ನಿಜವಾಗಿಯೇ ರಂಗಕ್ಕೆ ತಂದು ಆಡಿದ 'ಕುರುಕ್ಷೇತ್ರ'ವನ್ನು ಬರೆದವರು ಬಿ. ಪುಟ್ಟಸ್ವಾಮಯ್ಯ. ಅವರು ಪತ್ರಕರ್ತರೂ ಹೌದು, ಅಂದರೆ ದಿನವೂ ಗಡಿಯಾರ ನೋಡಿ ಬರೆಯುವವರು. ಅವರ 'ಕ್ರಾಂತಿ ಕಲ್ಯಾಣ' ಕಾದಂಬರಿಗೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಇವರನ್ನೆಲ್ಲ ಹ್ಯಾಕ್ ಎನ್ನಲು ಯಾರಿಗೂ ನಾಲಿಗೆ ಬಾರದು. ಕೂಲಿ ಪಡೆದದ್ದು ದೋಷವಲ್ಲ. ಶಾಸ್ತ್ರಿಗಳ ಪದ್ಯ ತಾಳ ತಪ್ಪಿದರೆ ಗುಬ್ಬಿಯ ಪ್ರೇಕ್ಷಕ ಅಲ್ಲೇ ಸಿಳ್ಳೆ ಹಾಕುತ್ತಿದ್ದ. ಅವರ ಉಪ್ಪು ನೀರು ಎದುರಿಗೇ ಕೂತಿರುತ್ತಿತ್ತು.

ಇಷ್ಟೆಲ್ಲ ಆ ಹುಡುಗಿಗೆ ಹೇಳಿದ ಮೇಲೆ ಅವಳು, "ಸಾರ್, ನೀವು ಯಾರಾದರೂ ಹ್ಯಾಕನ್ನು ನೋಡಿದ್ದೀರಾ?" ಎಂದಳು.

ನೋಡಿದ್ದೇನೆ. ದಿನವೂ ಕ್ಷೌರ ಮಾಡಿಕೊಳ್ಳುವಾಗ.

1996ರಲ್ಲಿ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಸಂಬಳ ಕೈಗೆ ಬರುವುದು ತಡವಾಗುತ್ತಿತ್ತು, ತಂಗಿಯ ಮದುವೆ ಗೊತ್ತಾಗಿತ್ತು. ಗೈಡು ಅಚ್ಚು ಹಾಕಿಸುವವರೊಬ್ಬರು ಪರಿಚಯದವರ ಮೂಲಕ ಬಂದರು. ಹತ್ತನೇ ತರಗತಿಯ ವಿಜ್ಞಾನ, ನೂರ ಅರವತ್ತು ಪುಟ, ಹದಿನೈದು ದಿನ. ಪುಟಕ್ಕೆ ಐದು ರೂಪಾಯಿ. ಜೊತೆಗೆ ಬೇರೆ ಮೂರು ಹಳೆಯ ಗೈಡುಗಳನ್ನೂ ಕೊಟ್ಟು, "ಹೊಸದಾಗಿ ಏನೂ ಯೋಚಿಸಬೇಡಿ, ವಾಕ್ಯ ಸ್ವಲ್ಪ ಹಿಂದೆ ಮುಂದೆ ಮಾಡಿದರೆ ಸಾಕು" ಎಂದರು. ಮುಖಪುಟದ ಮೇಲೆ 'ಅನುಭವಿ ಅಧ್ಯಾಪಕರ ಮಂಡಳಿ' ಎಂದು ಅಚ್ಚಾಯಿತು. ಆ ಮಂಡಳಿ ಎಂದರೆ ಇಪ್ಪತ್ತೇಳು ವರ್ಷದ ನಾನೊಬ್ಬನೇ.

ಬೆಳಿಗ್ಗೆ ಶಾಲೆ, ರಾತ್ರಿ ಒಂದು ಗಂಟೆಯವರೆಗೆ ಗೈಡು. ಹತ್ತನೆಯ ದಿನದ ಹೊತ್ತಿಗೆ ಕಣ್ಣು ಹಳೆಯ ಗೈಡಿನಿಂದ ಕೈಗೆ ನೇರವಾಗಿ ಸಾಗಿಸುತ್ತಿತ್ತು, ನಡುವೆ ತಲೆಗೆ ಕೆಲಸವಿರಲಿಲ್ಲ. ಮಿಶ್ರಲೋಹಗಳ ಪಾಠದಲ್ಲಿ 'ಹಿತ್ತಾಳೆಯು ತಾಮ್ರ ಮತ್ತು ತವರಗಳ ಮಿಶ್ರಲೋಹವಾಗಿದೆ' ಎಂದು ಬರೆದೆ. ಹಿತ್ತಾಳೆಯಲ್ಲಿ ತಾಮ್ರದ ಜೊತೆಗಿರುವುದು ಸತು. ತವರ ಸೇರಿದರೆ ಕಂಚು. ನನಗೆ ಗೊತ್ತಿರಲಿಲ್ಲವೆಂದಲ್ಲ. ಅಂದು ಬೆಳಿಗ್ಗೆಯೇ ತರಗತಿಯಲ್ಲಿ ಸರಿಯಾಗಿ ಹೇಳಿ ಬಂದಿದ್ದೆ.

ಎರಡು ವರ್ಷದ ಮೇಲೆ ಮೌಲ್ಯಮಾಪನಕ್ಕೆ ಹೋದೆ. ಉತ್ತರಪತ್ರಿಕೆಗಳು ಯಾವ ಊರಿನವೆಂದು ನಮಗೆ ತಿಳಿಸುವುದಿಲ್ಲ. ಆ ವರ್ಷ ಹಿತ್ತಾಳೆಯ ಮೇಲೆ ಒಂದು ಅಂಕದ ಪ್ರಶ್ನೆ. ಒಂದು ಪತ್ರಿಕೆಯಲ್ಲಿ ತವರ, ಮುಂದಿನದರಲ್ಲೂ ತವರ. ಆ ಕಟ್ಟಿನಲ್ಲಿ ಮುಕ್ಕಾಲು ಪಾಲು ಮಕ್ಕಳು ನನ್ನ ವಾಕ್ಯವನ್ನೇ, 'ವಾಗಿದೆ' ಎಂಬ ಕೊನೆಯ ಪದದವರೆಗೆ, ಮುದ್ದಾದ ಅಕ್ಷರದಲ್ಲಿ ಬರೆದಿದ್ದರು. ನನ್ನ ಕೆಂಪು ಪೆನ್ನಿನಿಂದ ನಾನೇ ಒಂದೊಂದಕ್ಕೂ ಸೊನ್ನೆ ಹಾಕಿದೆ. ಅದರಲ್ಲೊಂದು ಪತ್ರಿಕೆ ಒಂದೇ ಅಂಕದಿಂದ ನಪಾಸಾಗಿತ್ತು. ಬೇರೆ ಉತ್ತರಗಳನ್ನು ಮತ್ತೆ ಮತ್ತೆ ತಿರುವಿಹಾಕಿದೆ. ಎಲ್ಲಿಯೂ ಅರ್ಧ ಅಂಕವೂ ಸಿಗಲಿಲ್ಲ. ಆ ಮಗು ಯಾರೋ, ಗಂಡೋ ಹೆಣ್ಣೋ, ಮುಂದೆ ಓದಿತೋ ಇಲ್ಲವೋ. ಎಂಟುನೂರು ರೂಪಾಯಿ ತಂಗಿಯ ಮದುವೆಯ ಎಲೆ ಅಡಿಕೆಗೆ ಆಗಿತ್ತು.

ಹಳೆಯ ಗೈಡಿನಿಂದ ನನಗೆ, ನನ್ನಿಂದ ಮಕ್ಕಳಿಗೆ. ಆಮೇಲೆ ಬೇರೆ ಊರಿನಲ್ಲಿ ಅಚ್ಚಾದ ಹೊಸ ಗೈಡೊಂದರಲ್ಲೂ ಅದೇ ವಾಕ್ಯ ನೋಡಿದೆ. ಸಾಂಕ್ರಾಮಿಕ ರೋಗ ಹರಡುವುದನ್ನು ಪಾಠ ಮಾಡುವಾಗಲೆಲ್ಲ ನನಗೆ ಈ ಹಿತ್ತಾಳೆ ನೆನಪಾಗುತ್ತದೆ.

ಪೋಷಕರ ಸಭೆಯಲ್ಲಿ ಪ್ರತಿವರ್ಷ ತಾಯಂದಿರು ಕೇಳುವ ಮೊದಲ ಪ್ರಶ್ನೆ, "ಯಾವ ಗೈಡು ಕೊಡಿಸೋದು ಮೇಷ್ಟ್ರೇ?" ಎಂಬುದು. ಯಾವುದನ್ನೂ ಕೊಡಿಸಬೇಡಿ ಎಂದರೆ ಕೇಳುವವರಿಲ್ಲ. ಹಾಗಾಗಿ ಉಪ್ಪು ನೀರಿನ ವಿದ್ಯೆ ಹೇಳುತ್ತೇನೆ. ಅಂಗಡಿಯಲ್ಲಿ ನಿಂತುಕೊಂಡೇ ಮಗುವಿಗೆ ಚೆನ್ನಾಗಿ ಗೊತ್ತಿರುವ ಒಂದು ಪಾಠವನ್ನು ತೆಗೆಸಿ, ಪಠ್ಯಪುಸ್ತಕದ ಪಕ್ಕದಲ್ಲಿಟ್ಟು ಮೂರು ಉತ್ತರ ಹೋಲಿಸಿ. ಬರೆದವರ ಹೆಸರಿದೆಯೇ ನೋಡಿ. ಹೆಸರು ಹಾಕಲು ನಾಚುವವನಿಗೆ ನಾಚಲು ಕಾರಣವಿರುತ್ತದೆ, ನನಗಿತ್ತು. ಉತ್ತರದ ಜೊತೆಗೆ 'ಏಕೆ' ಎಂಬುದಕ್ಕೂ ಎರಡು ಸಾಲು ಇದೆಯೇ ಎಂದು ಮಗುವನ್ನೇ ಕೇಳಿ. ಗೊತ್ತಿರುವ ಮೂರರಲ್ಲಿ ಒಂದು ತಪ್ಪಾಗಿದ್ದರೆ ಗೊತ್ತಿಲ್ಲದ ಮುನ್ನೂರರ ಗತಿಯೇನು?

ಕೆಲವು ವರ್ಷಗಳ ಹಿಂದೆ ತುಮಕೂರಿನ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ನನ್ನ 'ಮಂಡಳಿ'ಯ ಗೈಡು ಸಿಕ್ಕಿತು. ಕಾಗದ ಹಳದಿಯಾಗಿ ಮಡಿಸಿದ ಕಡೆಯಲ್ಲೆಲ್ಲ ಪುಡಿಯಾಗುತ್ತಿತ್ತು. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಉಳಿದ ಲಿಗ್ನಿನ್ ಗಾಳಿ ಬೆಳಕಿಗೆ ಹಾಗಾಗುತ್ತದೆ. ಹತ್ತು ರೂಪಾಯಿ ಕೊಟ್ಟು ತಂದು, ಹಿತ್ತಾಳೆಯ ಸಾಲಿನಲ್ಲಿ 'ತವರ'ವನ್ನು ಕೆಂಪು ಶಾಯಿಯಲ್ಲಿ ಹೊಡೆದು 'ಸತು' ಎಂದು ಬರೆದು ಪ್ರಯೋಗಾಲಯದ ಮೇಜಿನ ಖಾನೆಯಲ್ಲಿಟ್ಟಿದ್ದೆ.

ಅದನ್ನು ತೆಗೆದು ಆ ಹುಡುಗಿಗೆ ತೋರಿಸಿದೆ. ಅವಳು ತಿದ್ದಿದ ಸಾಲನ್ನು ಓದಿದಳು. ನಗಲಿಲ್ಲ. ಪುಟ ತಿರುವಿ, ಕಬ್ಬಿಣಕ್ಕೆ ತುಕ್ಕು ಹಿಡಿಯುವ ಉತ್ತರದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತಳು.

"ಸಾರ್, ಇಲ್ಲಿ ನೀರು ಒಂದೇ ಸಾಕು ಅಂತ ಬರೆದಿದ್ದೀರಿ. ಆಮ್ಲಜನಕ ಬೇಡವಾ?"

ಕನ್ನಡಕ ಹಾಕಿಕೊಂಡು ನೋಡಿದೆ. ಖಾನೆಯಿಂದ ಕೆಂಪು ಪೆನ್ನು ತೆಗೆದು ಅವಳ ಕೈಗೇ ಕೊಟ್ಟೆ.